ನಿಯಂತ್ರಣ ತಪ್ಪಿ

ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಸುದ್ದಿ ತಿದ್ದಿದವನು ನಾನು. ಅಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ನನ್ನ ಬೆರಳಿನಡಿ ಹಾದುಹೋದ ಎರಡು ಪದಗಳು ಯಾವುವು ಎಂದು ಕೇಳಿದರೆ ಯೋಚಿಸಬೇಕಾಗಿಲ್ಲ: ‘ನಿಯಂತ್ರಣ ತಪ್ಪಿ’. ಚಾಲಕನ ನಿಯಂತ್ರಣ ತಪ್ಪಿ ಕಾರು ಮರಕ್ಕೆ ಡಿಕ್ಕಿ ಹೊಡೆದ ಪರಿಣಾಮ ಒಬ್ಬರು ಸ್ಥಳದಲ್ಲಿಯೇ ಮೃತಪಟ್ಟಿದ್ದಾರೆ. ಸವಾರನ ನಿಯಂತ್ರಣ ತಪ್ಪಿ ಬೈಕ್ ಸೇತುವೆಯ ತಡೆಗೋಡೆಗೆ ಅಪ್ಪಳಿಸಿ ಇಬ್ಬರು ಅಸುನೀಗಿದ್ದಾರೆ. ತಾಲ್ಲೂಕಿನ ಅರೆಕಾಲಿಕ ವರದಿಗಾರರು ಫ್ಯಾಕ್ಸ್ ಮಾಡುತ್ತಿದ್ದ ಕಾಲದಲ್ಲಿಯೂ ಹೀಗೆಯೇ ಬರೆಯುತ್ತಿದ್ದರು, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸುವ ಕಾಲದಲ್ಲಿಯೂ ಹೀಗೆಯೇ ಬರೆದರು. ಅದೊಂದು ಇಡ್ಲಿ ತಟ್ಟೆ. ಹೆಸರು, ವಯಸ್ಸು, ಊರು ಹೊಯ್ದರೆ ಐದು ನಿಮಿಷದಲ್ಲಿ ಸುದ್ದಿ ಬೇಯುತ್ತಿತ್ತು.

ಸತ್ತವರ ಸಂಖ್ಯೆ ಮೂರು ದಾಟಿದರೆ ತಲೆಬರಹಕ್ಕೆ ಬೇರೆ ಸಾಮಗ್ರಿ ಇತ್ತು. ಜವರಾಯನ ಅಟ್ಟಹಾಸ. ಯಮಸ್ವರೂಪಿ ಲಾರಿ. ಮದುವೆ ಮನೆ ಸೇರಬೇಕಾದವರು ಮಸಣಕ್ಕೆ. ಯಮನಿಗೆ ಭಾರಿ ವಾಹನದ ಪರವಾನಗಿಯನ್ನು ಯಾವ ಸಾರಿಗೆ ಕಚೇರಿ ಕೊಟ್ಟಿತು ಎಂದು ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ನಾನಂತೂ ಕೇಳಿಕೊಳ್ಳಲಿಲ್ಲ. ಒಂದು ರಾತ್ರಿ ಆ ತಟ್ಟೆಗೆ ನನ್ನ ಗೆಳೆಯನ ಹೆಸರನ್ನೇ ಹೊಯ್ಯಬೇಕಾಗಿ ಬರುವ ತನಕ.

ಅವನು ಪುಟ ವಿನ್ಯಾಸಕಾರ. ನಾನು ಬರೆದದ್ದನ್ನು ಕಾಲಮ್ಮಿನ ಅಳತೆಗೆ ಕೂರಿಸುವುದು ಅವನ ಕೆಲಸ. ‘ಎರಡು ಸಾಲು ಹೆಚ್ಚಾಗಿದೆ, ಕೈಯೋ ಕಾಲೋ ಕತ್ತರಿಸಿ’ ಎಂದು ಪ್ರತಿ ರಾತ್ರಿ ಹೇಳುತ್ತಿದ್ದ. ಹನ್ನೆರಡು ವರ್ಷ ಅದೇ ಮಾತು, ಹನ್ನೆರಡು ವರ್ಷವೂ ಹೇಳಿ ತಾನೇ ಮೊದಲು ನಗುತ್ತಿದ್ದ. ಮೈಸೂರಿನಲ್ಲಿ ಕೊನೆಯ ಆವೃತ್ತಿ ಮುಗಿಸಿ, ಖಾಲಿ ಟಿಫಿನ್ ಡಬ್ಬಿಯನ್ನು ಬೈಕಿನ ಪೆಟ್ಟಿಗೆಗೆ ತುರುಕಿ, ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆಯ ತನ್ನ ಹಳ್ಳಿಗೆ ಹೋಗುತ್ತಿದ್ದ. ಮಧ್ಯರಾತ್ರಿ ಕಳೆದ ಮೇಲಿನ ಖಾಲಿ ರಸ್ತೆ, ಅರ್ಧ ಗಂಟೆಯ ದಾರಿ. ಹಗಲಿನಲ್ಲಿ ಓಡಾಡುವುದಕ್ಕಿಂತ ಇದೇ ವಾಸಿ, ಎದುರಿಗೆ ಒಂದು ನಾಯಿಯೂ ಇರುವುದಿಲ್ಲ ಎನ್ನುತ್ತಿದ್ದ.

2016ರ ಜನವರಿ. ಮಂಡ್ಯ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲ. ಗಾಣಗಳ ಹೊಗೆ, ರಸ್ತೆಯ ಉದ್ದಕ್ಕೂ ಉದುರಿದ ಸೋಗೆ, ಬೆಟ್ಟದಂತೆ ಕಬ್ಬು ಹೇರಿಕೊಂಡು ತೊನೆಯುತ್ತ ಸಾಗುವ ಟ್ರ್ಯಾಕ್ಟರುಗಳು. ಅಂಥ ಒಂದು ಟ್ರೇಲರಿನ ಅಚ್ಚು ಮುರಿದಿತ್ತು. ಚಾಲಕ ಅದನ್ನು ರಸ್ತೆಯ ಎಡಗಡೆಗೆ, ಅರ್ಧ ಡಾಂಬರಿನ ಮೇಲೆ, ಅರ್ಧ ಮಣ್ಣಿನ ಮೇಲೆ ನಿಲ್ಲಿಸಿ, ಎಂಜಿನ್ ಬಿಡಿಸಿಕೊಂಡು ಮೆಕ್ಯಾನಿಕ್‌ನನ್ನು ಕರೆತರಲು ಹೋಗಿದ್ದ. ಹೋಗುವ ಮುನ್ನ ಆತ ತನಗೆ ತಿಳಿದಷ್ಟು ಎಚ್ಚರಿಕೆ ವಹಿಸಿದ್ದ. ಟ್ರೇಲರಿನ ಹಿಂದೆ ಮೂರು ಕಲ್ಲು ಇಟ್ಟಿದ್ದ, ಕಲ್ಲುಗಳ ನಡುವೆ ಒಂದು ಹೊಂಗೆಯ ಕೊಂಬೆ ಸಿಕ್ಕಿಸಿದ್ದ. ಮರುದಿನ ಬೆಳಿಗ್ಗೆ ನಾನು ಹೋದಾಗಲೂ ಆ ಕೊಂಬೆಯ ಎಲೆ ಬಾಡಿರಲಿಲ್ಲ. ಕಪ್ಪು ರಸ್ತೆ, ಕಪ್ಪು ಕಲ್ಲು, ಕಡುಹಸಿರು ಎಲೆ, ಹಿಂಬದಿಯಲ್ಲಿ ದೀಪವೇ ಇಲ್ಲದ ಟ್ರೇಲರ್. ದೀಪ ಇದ್ದಿದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತಿತ್ತು.

ಆ ಟ್ರೇಲರಿಗೆ ಬಡಿದ ನನ್ನ ಗೆಳೆಯ ಹೆಲ್ಮೆಟ್ ಹಾಕಿದ್ದ. ಆ ತಿಂಗಳು ರಾಜ್ಯದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿತ್ತು. ಜಡೆ ಕೆಡುತ್ತದೆ, ಕೂದಲು ಉದುರುತ್ತದೆ, ಕಿವಿ ಕೇಳಿಸುವುದಿಲ್ಲ ಎಂಬ ದೂರುಗಳನ್ನೆಲ್ಲ ನಾವು ದಿನವೂ ಅಚ್ಚು ಹಾಕುತ್ತಿದ್ದೆವು, ಅವನು ಅವುಗಳಿಗೆ ಪುಟ ಕಟ್ಟುತ್ತಿದ್ದ. ಹಾಕಿದ್ದ, ಆದರೆ ಗದ್ದದ ಕೆಳಗಿನ ಪಟ್ಟಿಯನ್ನು ಬಿಗಿದಿರಲಿಲ್ಲ. ಎಂದೂ ಬಿಗಿಯುತ್ತಿರಲಿಲ್ಲ. ಹೆಲ್ಮೆಟ್ ಇಪ್ಪತ್ತು ಅಡಿ ಆಚೆ ಗದ್ದೆಯ ಬದುವಿನ ಮೇಲೆ ಬಿದ್ದಿತ್ತು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ನಾನು ಅದನ್ನು ಎತ್ತಿ ನೋಡಿದೆ. ಪಟ್ಟಿಯ ಕೊಂಡಿಗೆ ಅಂಗಡಿಯಲ್ಲಿ ಅಂಟಿಸಿದ್ದ ಪ್ಲಾಸ್ಟಿಕ್ಕು ಹಾಗೆಯೇ ಇತ್ತು.

ಆ ರಾತ್ರಿಯ ಡೆಸ್ಕಿನ ಕೆಲಸ ನನ್ನದೇ. ರಜೆ ಹಾಕಬಹುದಿತ್ತು, ಹಾಕಲಿಲ್ಲ. ಅವನ ಸುದ್ದಿಯನ್ನು ಇನ್ಯಾರೋ ಬರೆಯುವುದು ಬೇಡ ಎನಿಸಿತು. ಒಂಬತ್ತು ಸಾಲು ಬರೆದೆ. ಅವನ ಕುರ್ಚಿಯಲ್ಲಿ ಕುಳಿತಿದ್ದ ಹೊಸ ಹುಡುಗ ತಗ್ಗಿದ ದನಿಯಲ್ಲಿ ‘ಸರ್, ಒಂದು ಸಾಲು ಹೆಚ್ಚಾಗುತ್ತಿದೆ’ ಎಂದ. ಹೆಸರು ತೆಗೆಯುವಂತಿಲ್ಲ, ಊರು ತೆಗೆಯುವಂತಿಲ್ಲ, ಪತ್ನಿ ಮಕ್ಕಳ ಉಲ್ಲೇಖ ತೆಗೆಯಲು ಮನಸ್ಸಿಲ್ಲ. ‘ಹಿಂಬದಿ ದೀಪವಿಲ್ಲದೆ ಕತ್ತಲಲ್ಲಿ ನಿಲ್ಲಿಸಿದ್ದ ಕಬ್ಬಿನ ಟ್ರೇಲರ್‌ಗೆ’ ಎಂದು ಬರೆದದ್ದನ್ನು ಅಳಿಸಿ, ‘ನಿಯಂತ್ರಣ ತಪ್ಪಿ ಟ್ರೇಲರ್‌ಗೆ’ ಎಂದು ಮಾಡಿದೆ. ಸರಿಯಾಗಿ ಒಂದು ಸಾಲು ಉಳಿಯಿತು.

ಹಾಲುತುಪ್ಪದ ದಿನ ಅವನ ಹೆಂಡತಿ ನನ್ನನ್ನು ಕೇಳಿದರು. ಅಳುತ್ತ ಕೇಳಲಿಲ್ಲ, ಜಗಳಕ್ಕೂ ಕೇಳಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಅರ್ಥವಾಗದ್ದನ್ನು ಮೇಷ್ಟ್ರ ಹತ್ತಿರ ಕೇಳುವ ಹಾಗೆ ಕೇಳಿದರು. ‘ನಿಯಂತ್ರಣ ತಪ್ಪಿ ಎಂದು ಬರೆದಿದ್ದೀರಲ್ಲ, ಯಾರ ನಿಯಂತ್ರಣ?’

ಪಕ್ಕದಲ್ಲಿದ್ದ ಅವನ ತಂದೆಯೇ ನನ್ನ ಪರವಾಗಿ ಉತ್ತರ ಕೊಟ್ಟರು. ‘ಯಾರದೂ ಅಲ್ಲ ಕಣಮ್ಮ, ಹಣೆಬರಹ. ಆಯಸ್ಸು ಅಷ್ಟೇ ಇತ್ತು.’ ಸೇರಿದ್ದವರೆಲ್ಲ ಹೌದು ಹೌದು ಎಂದರು. ನಾನೂ ತಲೆಯಾಡಿಸಿದೆ. ಆ ತಲೆಯಾಟ ಇಂದಿಗೂ ನನ್ನ ಕುತ್ತಿಗೆಯಲ್ಲಿ ನೋಯುತ್ತದೆ.

ಹಣೆಬರಹ ಎಂಬ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗನನ್ನು ಕಳೆದುಕೊಂಡ ಎಪ್ಪತ್ತರ ಮುದುಕ ಆ ಮಾತಿಗೆ ಬೆನ್ನು ಆನಿಸಿ ಒಂದು ರಾತ್ರಿಯನ್ನಾದರೂ ನೂಕುತ್ತಾನಾದರೆ ಅದನ್ನು ಕಿತ್ತುಕೊಳ್ಳಲು ನಾನು ಯಾರು? ಆದರೆ ಮನೆಯೊಳಗೆ ಆಸರೆಯಾಗುವ ಮಾತು ಠಾಣೆಯೊಳಗೆ, ಪತ್ರಿಕೆಯೊಳಗೆ, ಲೋಕೋಪಯೋಗಿ ಕಡತದೊಳಗೆ ಬಂದರೆ ನೆಪವಾಗುತ್ತದೆ. ಬ್ರಹ್ಮ ಬರೆದದ್ದಾದರೆ ಟ್ರೇಲರಿಗೆ ದೀಪ ಹಾಕಿಸಿ ಆಗಬೇಕಾದದ್ದೇನು? ಹೆಲ್ಮೆಟ್ಟಿನ ಪಟ್ಟಿ ಬಿಗಿದು ಆಗಬೇಕಾದದ್ದೇನು?

ಆ ಪ್ರಶ್ನೆ ಹುಳುವಿನ ಹಾಗೆ ಒಳಗೆ ಸೇರಿದ ಮೇಲೆ ನಾನು ಲೆಕ್ಕ ಹಾಕಲು ಕುಳಿತೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಎದುರಿಗೆ ಏನೋ ಇದೆ ಎಂದು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ 33 ಮೀಟರ್ ಮುಗಿಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ 35 ಮೀಟರ್. ಒಟ್ಟು ಸುಮಾರು 70. ಕೆಳಗಿಳಿಸಿದ ಹೆಡ್‌ಲೈಟಿನ ಬೆಳಕಿನಲ್ಲಿ ಕಪ್ಪು ವಸ್ತುವೊಂದು ಕಾಣುವುದು ನಲವತ್ತು, ಹೆಚ್ಚೆಂದರೆ ಐವತ್ತು ಮೀಟರಿನಲ್ಲಿ. ಎಂದರೆ ಆ ವೇಗದಲ್ಲಿ ಹೋಗುವವನು ನಿಂತ ಟ್ರೇಲರನ್ನು ಕಂಡಾಗಲೇ ಅದಕ್ಕೆ ಬಡಿದಾಗಿದೆ. ನಡುವೆ ಇರುವುದು ಬರಿಯ ಎರಡು ಮೂರು ಸೆಕೆಂಡುಗಳ ಔಪಚಾರಿಕತೆ. ಅದೇ 50 ಕಿಲೋಮೀಟರ್ ವೇಗಕ್ಕೆ ಇದೇ ಲೆಕ್ಕ ಹಾಕಿದರೆ ಒಟ್ಟು 35 ಮೀಟರಿನಲ್ಲಿ ಗಾಡಿ ನಿಲ್ಲುತ್ತದೆ. ಕಂಡ ಮೇಲೂ ಐದಾರು ಮೀಟರ್ ಉಳಿಯುತ್ತದೆ. ಹೈಸ್ಕೂಲಿನ ಗಣಿತ ಇದು. ಬೀದಿದೀಪವಿಲ್ಲದ ರಸ್ತೆಯಲ್ಲಿ ಬೆಳಕು ಎಷ್ಟು ದೂರ ಹೋಗುತ್ತದೆಯೋ ಅಷ್ಟರೊಳಗೆ ನಿಲ್ಲಿಸಬಹುದಾದ ವೇಗದಲ್ಲಿ ಮಾತ್ರ ಹೋಗಬೇಕು ಎಂಬುದನ್ನು ನನಗೆ ಚಾಲನೆ ಕಲಿಸಿದವರು ಹೇಳಿರಲಿಲ್ಲ. ಎಂಟು ಬರೆಯುವುದನ್ನು ಮಾತ್ರ ಕಲಿಸಿದ್ದರು.

ನನ್ನ ಗೆಳೆಯನನ್ನು ಮೊದಲು ಕಂಡದ್ದು ಹಾಲಿನ ವಾಹನದ ಚಾಲಕ, ನಸುಕಿನಲ್ಲಿ. 108ಕ್ಕೆ ಕರೆ ಮಾಡಿದವನೂ ಅವನೇ. ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿ ಕುಳಿತಿದ್ದು, ಪೊಲೀಸರ ಜೀಪಿನ ಬೆಳಕು ಕಂಡೊಡನೆ ಹೊರಟುಬಿಟ್ಟಿದ್ದ. ಎರಡು ವಾರ ಹುಡುಕಿ ಅವನನ್ನು ಕಂಡೆ. ನನ್ನನ್ನು ನೋಡಿ ಹೆದರಿದ. ‘ಸಾಕ್ಷಿ ಎಂದು ಬರೆದುಕೊಂಡರೆ ಐದು ವರ್ಷ ಕೋರ್ಟಿಗೆ ಅಲೆಯಬೇಕು ಸ್ವಾಮಿ, ಒಂದು ದಿನ ಗಾಡಿ ಬಿಟ್ಟರೆ ಇನ್ನೊಬ್ಬನನ್ನು ಹಾಕಿಕೊಳ್ಳುತ್ತಾರೆ’ ಎಂದ. ನನ್ನ ಗೆಳೆಯ ಆ ಹೊತ್ತಿಗೆ ಬದುಕಿದ್ದನೇ ಎಂದು ಕೇಳಿದೆ. ಕೈಯಲ್ಲಿದ್ದ ಟವೆಲನ್ನು ಮಡಿಸುತ್ತ, ಬಿಚ್ಚುತ್ತ, ಕೊನೆಗೂ ಉತ್ತರ ಹೇಳಲಿಲ್ಲ. ನಾನೂ ಎರಡನೆಯ ಸಲ ಕೇಳಲಿಲ್ಲ.

ಅದಾದ ಎರಡು ತಿಂಗಳಿಗೆ, 2016ರ ಮಾರ್ಚ್ 30ರಂದು, ಇಂಥವರನ್ನು ಪೀಡಿಸಬಾರದೆಂಬ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಗಾಯಾಳುವನ್ನು ಆಸ್ಪತ್ರೆಗೆ ತಂದವರು ಹೆಸರು ಹೇಳಬೇಕಾಗಿಲ್ಲ, ಹಣ ಕಟ್ಟಬೇಕಾಗಿಲ್ಲ, ತಾವಾಗಿ ಒಪ್ಪದಿದ್ದರೆ ಸಾಕ್ಷಿಯಾಗಬೇಕಾಗಿಲ್ಲ. ಕರ್ನಾಟಕ ಇದಕ್ಕಾಗಿಯೇ ತನ್ನದೊಂದು ಕಾಯ್ದೆ ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 134ಎ ಕಲಮು ಸೇರಿತು. ನಾವೂ ಸುದ್ದಿ ಮಾಡಿದೆವು, ಒಳಪುಟದಲ್ಲಿ. ಆ ಹಾಲಿನ ವಾಹನದವನಿಗೆ ಅದು ತಲುಪಿದೆಯೇ ಎಂದು ಕೇಳಿದರೆ, ನಾನೇ ಹೋಗಿ ಹೇಳಿದ ಮೇಲೆ ತಲುಪಿದೆ. ಅರ್ಧ ನಂಬಿದ್ದಾನೆ.

2016ರ ಅದೇ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಊರಿನಲ್ಲಿ ಮತ ಹಾಕಿ ಬೆಂಗಳೂರಿಗೆ ಮರಳುತ್ತಿದ್ದ ಯುವಕನೊಬ್ಬನ ಬೈಕಿನ ಮೇಲೆ ಲಾರಿ ಹರಿಯಿತು. ದೇಹ ಎರಡು ತುಂಡಾಗಿದ್ದರೂ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಸುತ್ತಲಿದ್ದವರಿಗೆ ಹೇಳಿದ ಅವನ ಕೊನೆಯ ಮಾತು ಇಡೀ ನಾಡನ್ನು ಅಲುಗಿಸಿತು. ಅಪಘಾತವಾದ ಮೊದಲ 48 ಗಂಟೆಗಳಲ್ಲಿ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ಅವನ ಹೆಸರಿನಲ್ಲಿಯೇ ಬಂತು. ರಸ್ತೆಯಲ್ಲಿ ಸತ್ತ ಒಬ್ಬ ಸಾಮಾನ್ಯನ ಹೆಸರು ಸರ್ಕಾರದ ಆದೇಶದಲ್ಲಿ ಉಳಿದುಕೊಂಡದ್ದು ನಾನು ಕಂಡಂತೆ ಅದೊಂದೇ.

ಪ್ರಸಿದ್ಧರ ಮಾತು ಬೇರೆ. ನನ್ನ ವಯಸ್ಸಿನವರಿಗೆ 1990ರ ಸೆಪ್ಟೆಂಬರ್ 30 ಎಂದರೆ ಸಾಕು, ದಾವಣಗೆರೆ ಹತ್ತಿರದ ಆನಗೋಡು ಎಂಬ ಊರಿನ ಹೆಸರು ತಾನಾಗಿ ನಾಲಿಗೆಗೆ ಬರುತ್ತದೆ. ಶಂಕರ್‌ನಾಗ್‌ಗೆ ಆಗ ಮೂವತ್ತೈದು ವರ್ಷ. ಇಂದಿಗೂ ಆಟೊಗಳ ಹಿಂಭಾಗದಲ್ಲಿ ಆ ಮುಖ ನಗುತ್ತದೆ, ಆಟೊ ನಿಲ್ದಾಣಗಳಿಗೆ ಆ ಹೆಸರಿದೆ. ಆ ಚಿತ್ರ ಅಂಟಿಸಿಕೊಂಡ ಆಟೊ ಎಡಗಡೆಯಿಂದ ನುಗ್ಗಿ, ಸಿಗ್ನಲ್ ಹಾರಿಸಿ, ಮುಂದಿನ ವೃತ್ತದಲ್ಲಿ ನನ್ನ ಕಾರಿಗೆ ಅಡ್ಡ ಬಂದಾಗ ಗಾಜು ಇಳಿಸಿ ಒಂದು ಮಾತು ಹೇಳಬೇಕೆನಿಸುತ್ತದೆ. ಅಭಿಮಾನ ಹಿಂಭಾಗದಲ್ಲಿದ್ದರೆ ಸಾಲದು ಅಣ್ಣ, ಮುಂದಿನ ಸೀಟಿಗೂ ಬರಲಿ ಎಂದು. ಹೇಳುವುದಿಲ್ಲ. ಅಷ್ಟರಲ್ಲಿ ಅವನು ಹೋಗಿರುತ್ತಾನೆ.

2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿತ್ತು. ಮಧ್ಯಾಹ್ನದ ಹೊತ್ತು, ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳು ಬಸ್ಸಿನಲ್ಲಿದ್ದರು. ನಾಲೆಯ ತುಂಬ ನೀರು ಹರಿಯುತ್ತಿತ್ತು. ಮೂವತ್ತು ಜನ ಸತ್ತರು. ನಮ್ಮ ಡೆಸ್ಕಿನಲ್ಲಿ ಸಂಜೆಯಿಡೀ ಫೋಟೊಗಳು ಬರುತ್ತಲೇ ಇದ್ದವು. ಒಂದರಲ್ಲಿ ನಾಲೆಯ ಏರಿಯ ಮೇಲೆ ಸಾಲಾಗಿ ಇಟ್ಟ ಶಾಲೆಯ ಚೀಲಗಳು, ನೀರು ಸೋರುತ್ತಿದ್ದವು. ಅದನ್ನೇ ಮುಖಪುಟಕ್ಕೆ ಎಂದು ಎತ್ತಿಟ್ಟಿದ್ದೆ.

ಆ ರಾತ್ರಿಯೇ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು. ಮಂಡ್ಯದ ಗಂಡು. ಕಟ್ಟಿದ್ದ ಪುಟವನ್ನೆಲ್ಲ ಕೆಡವಿ ಹೊಸದಾಗಿ ಕಟ್ಟಿದೆವು. ಅದರಲ್ಲಿ ತಪ್ಪೇನೂ ಇಲ್ಲ. ಯಾವ ಪತ್ರಿಕೆಯಾದರೂ ಮಾಡುತ್ತಿದ್ದುದು ಅದನ್ನೇ, ಓದುಗರು ಬಯಸಿದ್ದೂ ಅದನ್ನೇ. ಮರುದಿನ ಅವರ ಪಾರ್ಥಿವ ಶರೀರ ಹೆಲಿಕಾಪ್ಟರಿನಲ್ಲಿ ಮಂಡ್ಯಕ್ಕೆ ಬಂತು, ಕ್ರೀಡಾಂಗಣದಲ್ಲಿ ಜನಸಾಗರ. ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಒಂದರ ಪಕ್ಕ ಒಂದು ಚಿತೆ. ಈಗ ಯಾರನ್ನಾದರೂ ಕೇಳಿ, ಅಂಬಿ ಹೋದ ದಿನ ನೆನಪಿದೆ ಎನ್ನುತ್ತಾರೆ. ಅಂದು ಇನ್ನೇನಾಯಿತು ಎಂದರೆ ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಮಂಡ್ಯದವರೇ ಯೋಚಿಸುವುದನ್ನು ಕಂಡಿದ್ದೇನೆ.

ಅದಕ್ಕೆ ಆರು ದಿನ ಮೊದಲು, ನವೆಂಬರ್ 18ರಂದು, ರಸ್ತೆಯಲ್ಲಿ ಸತ್ತವರ ನೆನಪಿನ ವಿಶ್ವ ದಿನವಿತ್ತು. ಪ್ರತಿ ವರ್ಷ ನವೆಂಬರಿನ ಮೂರನೆಯ ಭಾನುವಾರ ಅದು. 1993ರಲ್ಲಿ ಬ್ರಿಟನ್ನಿನಲ್ಲಿ ಮನೆಯವರನ್ನು ಕಳೆದುಕೊಂಡವರು ಸೇರಿ ಆರಂಭಿಸಿದ್ದನ್ನು 2005ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಎಲ್ಲ ದೇಶಗಳಿಗೂ ಒಪ್ಪಿಸಿತು. ಹಾಲು ದಿನ, ನಗುವಿನ ದಿನಕ್ಕೆಲ್ಲ ಲೇಖನ ಬರೆಸಿದ ನಾನು ಈ ದಿನಕ್ಕೆ ಒಂದು ಸಾಲೂ ಬರೆಸಿರಲಿಲ್ಲ. ಇರುವುದೇ ಗೊತ್ತಿರಲಿಲ್ಲ.

ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿಯಿಂದ ಹೊರಡುತ್ತದೆ. ನಮ್ಮ ಹಿರಿಯರು ಅದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರು. ಮಂಡ್ಯದ ಅನ್ನ, ಬೆಲ್ಲ, ಮದುವೆ, ಮನೆ ಎಲ್ಲವೂ ಅದರ ನೀರಿನದು. ಅದರ ಏರಿಯ ಪಕ್ಕದಲ್ಲಿಯೇ ರಸ್ತೆಗಳು ಸಾಗುತ್ತವೆ, ಕೆಲವು ಕಡೆ ಒಂದು ಚಕ್ರ ಜಾರಿದರೆ ನೀರು. ಕನಗನಮರಡಿಯ ಮರುದಿನ ಎಲ್ಲರೂ ಹೇಳಿದ್ದು ಒಂದೇ: ತಡೆಗೋಡೆ ಕಟ್ಟಬೇಕು. ನಾವು ಸಂಪಾದಕೀಯವನ್ನೂ ಬರೆದೆವು. 2023ರ ಜುಲೈನಲ್ಲಿ ಅದೇ ನಾಲೆಗೆ ಕಾರು ಬಿದ್ದು ನಾಲ್ವರು ಮಹಿಳೆಯರು ಸತ್ತರು. ಅದೇ ವರ್ಷದ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟದ ಬಳಿ ಇನ್ನೊಂದು ಕಾರು ಬಿದ್ದು ಐವರು ಸತ್ತರು. ಅಷ್ಟು ಹೊತ್ತಿಗೆ ನಾನು ನಿವೃತ್ತನಾಗಿದ್ದೆ. ಮನೆಯಲ್ಲಿ ಪತ್ರಿಕೆ ಬಿಡಿಸಿ ಓದಿದೆ: ‘ಚಾಲಕನ ನಿಯಂತ್ರಣ ತಪ್ಪಿ’. ಚಾಲಕನ ಕೈಯಲ್ಲಿ ನಿಯಂತ್ರಣ ತಪ್ಪಿದ್ದು ಒಂದು ಕ್ಷಣ. ಗೋಡೆ ಕಟ್ಟಬೇಕಾದವರ ಕೈಯಲ್ಲಿ ತಪ್ಪಿದ್ದು ಐದು ವರ್ಷ. ಆ ಐದು ವರ್ಷಕ್ಕೆ ಸುದ್ದಿಯಲ್ಲಿ ಅರ್ಧ ಸಾಲಿನ ಜಾಗವಿರಲಿಲ್ಲ.

ನೆನಪು ಎಂದರೆ ಹೇಗಿರಬೇಕು ಎಂಬುದನ್ನು ನನಗೆ ತೋರಿಸಿದವರು ದಾವಣಗೆರೆಯವರು. 2021ರ ಸಂಕ್ರಾಂತಿಯ ಮರುದಿನ, ಶಾಲೆಯಲ್ಲಿ ಒಟ್ಟಿಗೆ ಓದಿದ್ದ ಗೆಳತಿಯರು ಗೋವಾಕ್ಕೆಂದು ನಸುಕಿನಲ್ಲಿ ಹೊರಟಿದ್ದರು. ಧಾರವಾಡದ ಇಟಿಗಟ್ಟಿ ಬಳಿ ಅವರ ಟೆಂಪೊ ಟ್ರಾವೆಲರಿಗೂ ಟಿಪ್ಪರಿಗೂ ಮುಖಾಮುಖಿ ಡಿಕ್ಕಿಯಾಯಿತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಅಲ್ಲಿಯ ರಸ್ತೆಯನ್ನು ತಿಳಿದವರಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ ಹಿಂದೆಯೂ ಮುಂದೆಯೂ ನಾಲ್ಕು ಪಥ, ಆರು ಪಥವಾಗಿ ಹರಡಿಕೊಂಡಿದ್ದರೂ ಹುಬ್ಬಳ್ಳಿಯ ಗಬ್ಬೂರಿನಿಂದ ಧಾರವಾಡದ ನರೇಂದ್ರದವರೆಗಿನ ಸುಮಾರು ಮೂವತ್ತು ಕಿಲೋಮೀಟರ್ ಬೈಪಾಸ್ ಮಾತ್ರ ಆಗ ಎರಡೇ ಪಥವಾಗಿತ್ತು, ನಡುವೆ ವಿಭಜಕವೂ ಇರಲಿಲ್ಲ. ಅದಕ್ಕೂ ಟೋಲ್ ಇತ್ತು ಎನ್ನುವುದು ಬೇರೆ ಮಾತು. ಅಗಲವಾದ ಹೆದ್ದಾರಿಯಲ್ಲಿ ನೂರರ ವೇಗಕ್ಕೆ ಒಗ್ಗಿದ ಕಾಲು ಅಲ್ಲಿ ಬಂದೊಡನೆ ಅರವತ್ತಕ್ಕೆ ಇಳಿಯುವುದಿಲ್ಲ. ಎದುರಿಗೆ ಬರುವವನದೂ ಅದೇ ಕಾಲು.

ಕೆಲವೇ ವಾರಗಳಲ್ಲಿ ಮೃತರ ಮನೆಯವರು, ಗೆಳತಿಯರು ದಾವಣಗೆರೆಯಿಂದ ಅದೇ ಜಾಗಕ್ಕೆ ಬಂದರು. ಹೂವಿಟ್ಟು ನಮಸ್ಕರಿಸಿದರು. ಅಷ್ಟಕ್ಕೇ ಹಿಂದಿರುಗಲಿಲ್ಲ, ಫಲಕ ಹಿಡಿದು ರಸ್ತೆಯಲ್ಲಿ ನಿಂತರು: ಈ ರಸ್ತೆಯನ್ನು ಅಗಲ ಮಾಡಿ. ವಿಧಿ ಎನ್ನಲಿಲ್ಲ, ಜವರಾಯ ಎನ್ನಲಿಲ್ಲ. ರಸ್ತೆಯ ಅಗಲವನ್ನು ಮೀಟರಿನಲ್ಲಿ ಕೇಳಿದರು. 2023ರ ಫೆಬ್ರುವರಿಯಲ್ಲಿ ಅದನ್ನು ಆರು ಪಥ ಮಾಡುವ ಕಾಮಗಾರಿಗೆ ಶಂಕುಸ್ಥಾಪನೆಯಾಯಿತು. ಎರಡು ವರ್ಷ ಹಿಡಿಯಿತು. ತಮ್ಮವರನ್ನು ಕಳೆದುಕೊಂಡ ಜಾಗದಲ್ಲಿ, ಲಾರಿಗಳು ಭರ್ರೆಂದು ಹಾಯುವ ಗಾಳಿಯಲ್ಲಿ ಸೀರೆಯ ಸೆರಗು ಹಿಡಿದುಕೊಂಡು ನಿಲ್ಲುವುದು ಸುಲಭವಲ್ಲ. ನಾನಂತೂ ಆ ಬೆಳಿಗ್ಗೆಯ ನಂತರ ನನ್ನ ಗೆಳೆಯ ಬಿದ್ದ ಜಾಗಕ್ಕೆ ಮೂರು ವರ್ಷ ಹೋಗಿರಲಿಲ್ಲ, ಸುತ್ತು ಬಳಸಿ ಬೇರೆ ದಾರಿಯಲ್ಲಿ ಓಡಾಡುತ್ತಿದ್ದೆ.

ಅವನ ಹೆಂಡತಿ ಹಾಕಿದ್ದ ಪರಿಹಾರದ ಮೊಕದ್ದಮೆ 2019ರಲ್ಲಿ ತೀರ್ಮಾನಕ್ಕೆ ಬಂತು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸತ್ತವರನ್ನು ಲೆಕ್ಕಕ್ಕೆ ಇಳಿಸುವ ಒಂದು ಕ್ರಮವಿದೆ. ವರ್ಷದ ದುಡಿಮೆ ತೆಗೆದುಕೊಳ್ಳುತ್ತಾರೆ. ಬದುಕಿದ್ದರೆ ತನಗಾಗಿ ಖರ್ಚು ಮಾಡಿಕೊಳ್ಳುತ್ತಿದ್ದನೆಂದು ಒಂದು ಪಾಲು ಕಳೆಯುತ್ತಾರೆ; ಇವನಿಗೆ ಹೆಂಡತಿ, ಇಬ್ಬರು ಮಕ್ಕಳು, ತಂದೆ, ತಾಯಿ ಎಂದು ಐದು ಜನ ಅವಲಂಬಿತರು, ಆದ್ದರಿಂದ ಕಾಲು ಭಾಗ ಕಳೆದರು. ಉಳಿದದ್ದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 2009ರ ಸುಪ್ರೀಂ ಕೋರ್ಟ್ ತೀರ್ಪಿನ ಕೋಷ್ಟಕದ ಪ್ರಕಾರ ಇಪ್ಪತ್ತೈದರವರೆಗೆ 18, ಮೂವತ್ತಾರರಿಂದ ನಲವತ್ತರವರೆಗೆ 15. ಅವನಿಗೆ ಮೂವತ್ತೆಂಟು. ಗುಣಕ ಹದಿನೈದು. ಇದರ ಮೇಲೆ, 2017ರ ಇನ್ನೊಂದು ತೀರ್ಪಿನಂತೆ, ಅಂತ್ಯಕ್ರಿಯೆಗೆ 15 ಸಾವಿರ, ಆಸ್ತಿ ನಷ್ಟಕ್ಕೆ 15 ಸಾವಿರ, ಪತಿಯ ಸಾಂಗತ್ಯ ಕಳೆದುಕೊಂಡದ್ದಕ್ಕೆ 40 ಸಾವಿರ. ನಾನು ಆ ಕಾನೂನನ್ನು ಆಡಿಕೊಳ್ಳುತ್ತಿಲ್ಲ. ಕೋಷ್ಟಕ ಇಲ್ಲದಿದ್ದರೆ ಒಬ್ಬ ನ್ಯಾಯಾಧೀಶರು ಒಂದು ಕೊಟ್ಟು ಇನ್ನೊಬ್ಬರು ಇನ್ನೊಂದು ಕೊಡುತ್ತಾರೆ. ಆದರೂ ‘ಸಾಂಗತ್ಯ, ನಲವತ್ತು ಸಾವಿರ’ ಎಂದು ಓದಿ ಹೇಳಿದಾಗ ಆಕೆ ಒಮ್ಮೆ ಕಿಟಕಿಯ ಕಡೆ ನೋಡಿದ್ದು ನನಗೆ ಕಂಡಿತು.

ಅದಕ್ಕಿಂತ ಮುಂಚೆ ಪಾಟೀಸವಾಲಿನ ದಿನ ವಿಮಾ ಕಂಪನಿಯ ವಕೀಲರು ಕಡತದಿಂದ ಒಂದು ಕಾಗದ ತೆಗೆದು ಹಿಡಿದರು. ಪತ್ರಿಕೆಯ ತುಣುಕು. ನನ್ನ ತುಣುಕು. ‘ಸವಾರನೇ ನಿಯಂತ್ರಣ ತಪ್ಪಿದ್ದಾನೆ ಎಂದು ಆತ ಕೆಲಸ ಮಾಡುತ್ತಿದ್ದ ಪತ್ರಿಕೆಯೇ ಬರೆದಿದೆ’ ಎಂದರು. ಪತ್ರಿಕೆಯ ವರದಿ ಸಾಕ್ಷ್ಯವಾಗುವುದಿಲ್ಲವೆಂದು ನ್ಯಾಯಾಧೀಶರು ಪಕ್ಕಕ್ಕಿಟ್ಟರು. ಕೊನೆಗೆ ಟ್ರೇಲರಿನ ತಪ್ಪು ಎಪ್ಪತ್ತು ಪಾಲು, ಅವನದು ಮೂವತ್ತು ಪಾಲು ಎಂದು ತೀರ್ಪಾಯಿತು, ಪರಿಹಾರದಲ್ಲಿ ಅಷ್ಟು ಕಡಿತವಾಯಿತು. ನನ್ನ ತುಣುಕಿಗೂ ಆ ಮೂವತ್ತಕ್ಕೂ ಸಂಬಂಧವಿಲ್ಲ ಎಂದು ಆಕೆಯ ವಕೀಲರು ಎರಡು ಸಲ ನನಗೆ ಹೇಳಿದರು. ಎರಡು ಸಲ ಹೇಳಬೇಕಾಗಿ ಬಂದದ್ದೇ ನನ್ನ ಮುಖ ನೋಡಿ.

ಮೂವತ್ತು ಪಾಲು ಅವನದು ಇತ್ತೇ? ಇತ್ತು. ಗೆಳೆಯನೆಂದು ಅದನ್ನು ಮುಚ್ಚಿಡುವುದಿಲ್ಲ. ಅವನ ಬೈಕಿನ ವೇಗ ಬೆಳಕಿಗಿಂತ ಹೆಚ್ಚಾಗಿತ್ತು, ಕೊಂಡಿ ಬಿಗಿದಿರಲಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಗಂಟೆಗೆ ಹತ್ತೊಂಬತ್ತು. ಅವರಲ್ಲಿ 50,029 ಜನ ಹೆಲ್ಮೆಟ್ ಇಲ್ಲದ ದ್ವಿಚಕ್ರ ಸವಾರರು ಮತ್ತು ಹಿಂಬದಿಯವರು. 32,825 ಜನ ಸುಮ್ಮನೆ ನಡೆದು ಹೋಗುತ್ತಿದ್ದವರು; ಅವರು ಯಾವ ಕೊಂಡಿಯನ್ನು ಬಿಗಿಯಬೇಕಿತ್ತು? ಹೆಲ್ಮೆಟ್ ಇತ್ತು, ಪಟ್ಟಿ ಇರಲಿಲ್ಲ ಎನ್ನುವ ನನ್ನ ಗೆಳೆಯನಂಥವರಿಗೆ ಆ ವರದಿಯಲ್ಲಿ ಪ್ರತ್ಯೇಕ ಅಂಕಣವಿಲ್ಲ. ಕೊರಳ ಕೆಳಗೆ ‘ಟಕ್’ ಎಂದು ಸದ್ದಾಗದ ಹೆಲ್ಮೆಟ್ ಪೊಲೀಸರಿಗಾಗಿ ಇಟ್ಟುಕೊಂಡ ಟೊಪ್ಪಿಗೆ, ತಲೆಗಾಗಿ ಅಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂರುವುದೂ ಇದೇ ಜಾತಿ. 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಸೈರಸ್ ಮಿಸ್ತ್ರಿ ಸತ್ತದ್ದು ದುಬಾರಿ ಜರ್ಮನ್ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಒಂದು ವಾರ ನಮ್ಮ ಬಡಾವಣೆಯವರೆಲ್ಲ ಹಿಂದೆಯೂ ಬೆಲ್ಟ್ ಹಾಕಿದರು. ದಸರೆಯ ಹೊತ್ತಿಗೆ ಬೆಲ್ಟು ಮತ್ತೆ ಸೀಟಿನ ಕವರಿನ ಕೆಳಗೆ ಸೇರಿತ್ತು. ಆಯುಧಪೂಜೆಗೆ ಅದೇ ಕಾರುಗಳಿಗೆ ಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ರಸ್ತೆಯ ನಡುವೆ ಬೂದುಗುಂಬಳ ಒಡೆದರು. ಸಂಜೆ ಆ ತಿರುಳಿನ ಮೇಲೆ ಸ್ಕೂಟರ್ ಜಾರಿ ಬಿದ್ದ ಹುಡುಗಿಯನ್ನು ನಾವೇ ಎಬ್ಬಿಸಿ ಕೂರಿಸಿದೆವು. ದೃಷ್ಟಿ ತೆಗೆಯಲು ಒಡೆದ ಕಾಯಿ!

ಹಣೆಬರಹವನ್ನು ಅಳಿಸಲು ಆಗುವುದಿಲ್ಲ ಎನ್ನುವವರಿಗೆ ನಾನು ಈಗ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ತೋರಿಸುತ್ತೇನೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಮೊದಲ ತಿಂಗಳುಗಳಲ್ಲಿ ಅದು ಹೆಣಗಳ ಹೆದ್ದಾರಿಯಾಗಿತ್ತು. ಬೆಳಿಗ್ಗೆ ಪತ್ರಿಕೆ ತೆಗೆದರೆ ಮದ್ದೂರು, ಚನ್ನಪಟ್ಟಣ, ರಾಮನಗರ ಎಂದು ಊರುಗಳ ಪಟ್ಟಿ. ಆಮೇಲೆ ಪೊಲೀಸರು ವೇಗ ಅಳೆಯುವ ಕ್ಯಾಮೆರಾ ಹಾಕಿದರು, ನೂರು ದಾಟಿದವರ ಮನೆಗೆ ದಂಡದ ಚೀಟಿ ಹೋಗತೊಡಗಿತು, ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಮುಂದಿನ ವರ್ಷ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಅದೇ ರಸ್ತೆ, ಅದೇ ಜನ, ಅದೇ ಹಣೆಗಳು. ಬ್ರಹ್ಮನ ಬರಹವನ್ನು ಒಂದು ಕ್ಯಾಮೆರಾ ತಿದ್ದಿತೆಂದರೆ ಅದು ಬ್ರಹ್ಮನ ಕೈಬರಹವಾಗಿರಲಿಲ್ಲ. ಇದನ್ನು ನನ್ನ ಗೆಳೆಯನ ತಂದೆಗೆ ಒಮ್ಮೆ ಹೇಳಬೇಕೆಂದಿದ್ದೆ. ಅವರು ಈಗಿಲ್ಲ. ಇದ್ದಿದ್ದರೂ ಹೇಳುತ್ತಿರಲಿಲ್ಲವೇನೋ.

ನಿವೃತ್ತಿಯ ನಂತರದ ಮೊದಲ ಕಬ್ಬಿನ ಹಂಗಾಮಿನಲ್ಲಿ ಮೈಸೂರಿನ ಅಂಗಡಿಯೊಂದರಿಂದ ಕೆಂಪು–ಬಿಳಿ ಪ್ರತಿಫಲಕ ಪಟ್ಟಿಯ ಒಂದು ಸುರುಳಿ ತಂದೆ. ಬೆಳಕು ಬಿದ್ದರೆ ಬೆಕ್ಕಿನ ಕಣ್ಣಿನಂತೆ ಹೊಳೆಯುವಂಥದ್ದು. ಸಕ್ಕರೆ ಕಾರ್ಖಾನೆಗೆ ಹೋಗುವ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ಕಾಯುತ್ತವೆ, ಚಾಲಕರು ಟೀ ಅಂಗಡಿಯಲ್ಲಿ ಕುಳಿತಿರುತ್ತಾರೆ. ಮೊದಲನೆಯವನು ನನ್ನನ್ನು ಯಾವುದೋ ಪಕ್ಷದವನೆಂದುಕೊಂಡ. ಎರಡನೆಯವನು ಎಷ್ಟು ಹಣ ಎಂದು ಕೇಳಿದ. ಮೂರನೆಯವನು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಹಚ್ಚಿ ಎಂದ.

ಹಚ್ಚುವುದು ಅಂದುಕೊಂಡಷ್ಟು ಸುಲಭವಲ್ಲ. ಟ್ರೇಲರಿನ ಹಿಂದಿನ ಹಲಗೆಯ ತುಂಬ ಒಣಗಿದ ಕೆಸರು, ಗ್ರೀಸು. ಕೆರೆದು, ಚಿಂದಿಯಿಂದ ಒರೆಸಿ, ಪಟ್ಟಿ ಹಚ್ಚಿ ಹಿಂದೆ ಸರಿದು ನೋಡಿದರೆ ಏನೂ ಕಾಣಲಿಲ್ಲ. ಹಲಗೆಯಿಂದಾಚೆಗೆ ನಾಲ್ಕು ಅಡಿ ಚಾಚಿದ್ದ ಕಬ್ಬು ಪಟ್ಟಿಯನ್ನು ಪೂರ್ತಿ ಮುಚ್ಚಿತ್ತು. ಹುಡುಗ ನಕ್ಕ. ನಾನೂ ನಕ್ಕೆ. ಆಮೇಲೆ ಅವನೇ ಹೇಳಿದ: ‘ಪಟ್ಟಿಯನ್ನು ಹಲಗೆಗೆ ಹಚ್ಚಬೇಡಿ. ಒಂದು ಗೋಣಿಚೀಲಕ್ಕೆ ಹೊಲಿದು ಕೊಡಿ, ಕಬ್ಬಿನ ತುದಿಗೆ ಕಟ್ಟುತ್ತೇನೆ.’

ಅಂದು ಸಂಜೆ ನನ್ನ ಹೆಂಡತಿ ನಾಲ್ಕು ಗೋಣಿಚೀಲಗಳಿಗೆ ಪಟ್ಟಿ ಹೊಲಿದುಕೊಟ್ಟಳು. ಹೊಲಿಗೆ ಯಂತ್ರದ ಸೂಜಿ ಎರಡು ಸಲ ಮುರಿಯಿತು. ಮರುದಿನ ಒಯ್ದು ಕೊಟ್ಟಾಗ ಹುಡುಗ ಎಣಿಸಿ, ಇನ್ನೂ ಒಂದು ಬೇಕಾಗಿತ್ತು ಎಂದ. ಅವನ ಅಣ್ಣನೂ ರಾತ್ರಿಯ ಪಾಳಿಯಲ್ಲಿ ಕಬ್ಬು ಹೊಡೆಯುತ್ತಾನಂತೆ.